ಸ್ವರತಂತು: ತಂತಿಯಲ್ಲ, ಮಡಿಕೆ

‘ಹರಿದ ಸ್ವರತಂತು ಬೆಸೆಯುವ ಇಂಜೆಕ್ಷನ್’. ಇಂಥ ಶೀರ್ಷಿಕೆ ಮತ್ತೆ ಕಣ್ಣಿಗೆ ಬಿತ್ತು. ದನಿ ಹುಟ್ಟುವ ಗಂಟಲಿನಲ್ಲಿ ಬೆಸೆಯುವುದಕ್ಕೆ ತಂತುವೇ ಇಲ್ಲ.

ಸಂಸ್ಕೃತದ ‘ತನ್’ ಧಾತುವಿಗೆ ಎಳೆದು ಚಾಚು ಎಂದರ್ಥ. ತಂತು ಎಂದರೆ ನೂಲು, ನೇಯುವವನು ತಂತುವಾಯ, ವೀಣೆಯ ತಂತಿಯೂ ಅದೇ ಬಳಗ. ಗಂಟಲಿಗೆ ಈ ನೂಲು ಸುತ್ತಿಕೊಂಡದ್ದು ಫ್ರಾನ್ಸಿನಲ್ಲಿ. 1741ರಲ್ಲಿ ಅಂಗರಚನಾ ತಜ್ಞ ಆಂಟ್ವಾನ್ ಫೆರೇನ್ ಶವದ ಧ್ವನಿಪೆಟ್ಟಿಗೆಗೆ ಗಾಳಿ ಊದಿ ದನಿ ಹೊರಡಿಸಿದ. ಒಳಗಿನ ಅಂಚುಗಳು ತಂತಿ, ಉಸಿರೇ ಅವನ್ನು ಉಜ್ಜುವ ಕಮಾನು ಎಂದ. ಹೋಲಿಕೆಯೇ ಹೆಸರಾಗಿ ನಿಂತಿತು. ಇಂಗ್ಲಿಷಿನ ‘ವೋಕಲ್ ಕಾರ್ಡ್’ ನಮ್ಮಲ್ಲಿ ಸ್ವರತಂತು, ಧ್ವನಿತಂತು ಆಯಿತು.

ತಂತಿಯನ್ನು ಎರಡು ತುದಿಗೆ ಬಿಗಿಯುತ್ತಾರೆ, ನಡುವೆ ಅದಕ್ಕೆ ಯಾವ ಆಸರೆಯೂ ಇಲ್ಲ. ಗಂಟಲಲ್ಲಿರುವುದು ಉದ್ದಕ್ಕೂ ಪಕ್ಕದ ಗೋಡೆಗೆ ಕೂಡಿಕೊಂಡೇ ಇರುವ ಜೋಡಿ ಮಡಿಕೆ. ಒಳಗೆ ಸ್ನಾಯು, ಅದರ ಮೇಲೆ ಲೋಳೆಯಂಥ ಮೆದು ಪದರ, ಹೊರಗೆ ತೆಳು ಪೊರೆ. ಉಸಿರು ತಳ್ಳಿದಾಗ ಮೇಲಿನ ಪದರ ಹಾಲಿನ ಕೆನೆಯ ಹಾಗೆ ಸ್ನಾಯುವಿನ ಮೇಲೆ ಅಲೆಯಾಡುತ್ತದೆ. ಜಪಾನಿನ ಗಂಟಲು ವೈದ್ಯ ಮಿನೋರು ಹಿರಾನೊ 1970ರ ದಶಕದಲ್ಲೇ ಇದನ್ನು ವಿವರಿಸಿದ್ದರು. ವೈದ್ಯರು ಈಗ ‘ವೋಕಲ್ ಫೋಲ್ಡ್’ ಎನ್ನುತ್ತಾರೆ. ನಾವು ಸ್ವರಮಡಿಕೆ ಎನ್ನಲು ಅಡ್ಡಿಯೇನು?

ಹೆಸರು ತಪ್ಪಿದರೆ ಚಿಕಿತ್ಸೆಯೂ ತಪ್ಪಾಗಿ ಕೇಳಿಸುತ್ತದೆ. ಥೈರಾಯ್ಡ್ ಆಪರೇಷನ್ ಆದ ಮೇಲೆ ದನಿ ಬರೀ ಗಾಳಿಯಾಗಿರುವವರು ‘ತಂತು ತುಂಡಾಗಿದೆ’ ಎಂದು ಓದಿ ಹೆದರುತ್ತಾರೆ. ಅಂಥವರಲ್ಲಿ ಸಾಮಾನ್ಯವಾಗಿ ಪೆಟ್ಟಾಗಿರುವುದು ಮಡಿಕೆಯನ್ನು ಅಲುಗಿಸುವ ನರಕ್ಕೆ. ಮಡಿಕೆ ನಡುವಿಗೆ ಬಾರದೆ ಗಾಳಿ ಸೋರುತ್ತದೆ. ಇಂಜೆಕ್ಷನ್ ಅದನ್ನು ಒಳಗಿನಿಂದ ಉಬ್ಬಿಸಿ ಜೊತೆಗಾರನ ಹತ್ತಿರ ತರುತ್ತದೆ, ಅಷ್ಟೇ. 1911ರಲ್ಲಿ ಜರ್ಮನ್ ವೈದ್ಯ ಬ್ರೂನಿಂಗ್ಸ್ ಪ್ಯಾರಾಫಿನ್ ಮೇಣ ಚುಚ್ಚಿದರು. 1960ರ ದಶಕದಲ್ಲಿ ಟೆಫ್ಲಾನ್ ಬಂತು, ಆದರೆ ಕೆಲವರಲ್ಲಿ ಗಂಟು ಕಟ್ಟಿ ಉಸಿರಿಗೇ ತೊಂದರೆಯಾಯಿತು. ಈಗ ದೇಹದಲ್ಲೇ ಇರುವ ಹಯಲುರಾನಿಕ್ ಆಮ್ಲದ ಜೆಲ್, ರೋಗಿಯದೇ ಕೊಬ್ಬು, ಮೂಳೆಯಲ್ಲಿರುವಂಥ ಖನಿಜ ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್. ಇವನ್ನೆಲ್ಲ ಸೇರಿಸಿ ‘ಬಯೋಮೆಟೀರಿಯಲ್’ ಎನ್ನುವುದು ದೇಹದೊಳಗೆ ಹೊಂದಿ ಕೆಲಸ ಮಾಡುವುದರಿಂದ, ಜೀವಿಯಿಂದಲೇ ಬಂದಿರಬೇಕೆಂದಿಲ್ಲ.

ಗಾಯದ ಕಲೆಯಿಂದ ಆ ಮೆದು ಪದರವೇ ಗಟ್ಟಿಯಾಗಿದ್ದರೆ ಮಾತು ಬೇರೆ. ಅಲ್ಲಿ ಉಬ್ಬಿಸಿದರೆ ಸಾಲದು, ಕೆನೆಯಂತೆ ಅಲುಗುವ ವಸ್ತು ಬೇಕು. ಅಮೆರಿಕದಲ್ಲಿ ರಾಸಾಯನಿಕ ಎಂಜಿನಿಯರ್ ರಾಬರ್ಟ್ ಲ್ಯಾಂಗರ್ ಮತ್ತು ಶಸ್ತ್ರವೈದ್ಯ ಸ್ಟೀವನ್ ಝೈಟಲ್ಸ್ ಕೈಹಾಕಿದ ಪಾಲಿಎಥಿಲೀನ್ ಗ್ಲೈಕಾಲ್ ಜೆಲ್ ಈ ಬಗೆಯದು. ಉಬ್ಬಿಸಲೆಂದು ಆಳಕ್ಕೆ ಹಾಕುವ ಕ್ಯಾಲ್ಸಿಯಂ ವಸ್ತು ಈ ಮೇಲ್ಪದರಕ್ಕೆ ಹೋದರೆ ದನಿ ಇನ್ನಷ್ಟು ಬಿಗಿಯುತ್ತದೆ.