ನನ್ನ ಚಿತ್ರಕ್ಕೆ ನನ್ನದೇ ಶೈಲಿ ಬರುವುದು ಹೇಗೆ?

ಓದುಗರ ಪ್ರಶ್ನೆ: ಕೆಲವು ವರ್ಷಗಳಿಂದ ಚಿತ್ರ ಬರೆಯುತ್ತಿದ್ದೇನೆ. ನೋಡಿಕೊಂಡು ಬರೆದರೆ ಚೆನ್ನಾಗಿಯೇ ಬರುತ್ತದೆ. ಆದರೆ ಒಂದು ಚಿತ್ರ ಒಬ್ಬ ಕಲಾವಿದರದರಂತೆ, ಇನ್ನೊಂದು ಮತ್ತೊಬ್ಬರದರಂತೆ ಕಾಣುತ್ತದೆ. ನನ್ನದೇ ಶೈಲಿ ಬೇಕಾದರೆ ಏನು ಮಾಡಬೇಕು?

ಉತ್ತರ: ಕೂತು ಯೋಚಿಸಿ ಹೊಸ ಶೈಲಿಯೊಂದನ್ನು ಕಟ್ಟುವ ಕೆಲಸಕ್ಕೆ ಕೈ ಹಾಕಬೇಡಿ. ಕೆಲವು ವರ್ಷ ಬರೆದ ಕೈಗೆ ಒಂದಷ್ಟು ರೂಢಿಗಳು ಆಗಲೇ ಬಿದ್ದಿರುತ್ತವೆ. ಗೆರೆ ಎಲ್ಲಿ ದಪ್ಪವಾಗುತ್ತದೆ, ಯಾವ ಬಣ್ಣಕ್ಕೆ ಕುಂಚ ಮೊದಲು ಹೋಗುತ್ತದೆ, ಎದುರಿಗಿರುವುದರಲ್ಲಿ ಏನನ್ನು ಬಿಟ್ಟುಬಿಡುತ್ತೀರಿ: ಇಂಥ ಆಯ್ಕೆಗಳು ಚಿತ್ರದಿಂದ ಚಿತ್ರಕ್ಕೆ ಮರುಕಳಿಸಿದಾಗ ನೋಡುವವರು ಅದನ್ನು ಶೈಲಿ ಎಂದು ಗುರುತಿಸುತ್ತಾರೆ. ಹಾಗಾಗಿ ಮೊದಲ ಕೆಲಸ ಹುಡುಕಾಟ, ಅದೂ ನಿಮ್ಮದೇ ಹಳೆಯ ಹಾಳೆಗಳಲ್ಲಿ.

ಕಳೆದ ಒಂದೆರಡು ವರ್ಷಗಳ 30 ಚಿತ್ರಗಳನ್ನು ನೆಲದ ಮೇಲೆ ಹರಡಿ. ಚೆನ್ನಾಗಿ ಬಂದವನ್ನಷ್ಟೇ ಆರಿಸಬೇಡಿ. ಅರ್ಧಕ್ಕೆ ಬಿಟ್ಟವು, ಫೋನಿನಲ್ಲಿ ಮಾತಾಡುತ್ತಾ ಗೀಚಿದವು ಎಲ್ಲ ಇರಲಿ. ಯಾರನ್ನೂ ಮೆಚ್ಚಿಸುವ ಉದ್ದೇಶವಿಲ್ಲದೆ ಗೀಚಿದ ಹಾಳೆಯಲ್ಲೇ ನಿಮ್ಮ ಕೈಯ ಗುರುತು ಹೆಚ್ಚಾಗಿ ಸಿಗುತ್ತದೆ. ಎಲ್ಲವನ್ನೂ ಒಟ್ಟಿಗೆ ಒಂದು ಫೋಟೊ ತೆಗೆದು, ಅದನ್ನು ಕಪ್ಪು ಬಿಳುಪಿಗೆ ಬದಲಿಸಿ ನೋಡಿ. ಬಣ್ಣದ ಸೆಳೆತ ಹೋದಮೇಲೆ ನೆರಳು ಬೆಳಕಿನ ಹಂಚಿಕೆ ಎದ್ದು ಕಾಣುತ್ತದೆ: ನಿಮ್ಮ ಚಿತ್ರಗಳು ಒಟ್ಟಾರೆ ಗಾಢವೋ, ತಿಳಿಯೋ, ಎಲ್ಲವೂ ನಡುವಿನ ಬೂದಿಯಲ್ಲೇ ನಿಂತಿವೆಯೋ? ಆಮೇಲೆ ಗೆರೆ, ಅಂಚು, ಖಾಲಿ ಜಾಗ, ಅನುಪಾತ, ಮುಖ್ಯ ವಸ್ತುವನ್ನು ಹಾಳೆಯಲ್ಲಿ ಇಡುವ ಸ್ಥಳ, ಒಂದೊಂದನ್ನೇ ಗಮನಿಸಿ. ಮೂರನೇ ಒಂದು ಭಾಗದಷ್ಟು ಚಿತ್ರಗಳಲ್ಲಿ ಕಾಣಿಸುವ ಸಂಗತಿಯನ್ನು ಮಾತ್ರ ಬರೆದಿಟ್ಟುಕೊಳ್ಳಿ. ‘ಚೆನ್ನಾಗಿದೆ’, ‘ಭಾವಪೂರ್ಣ’ ಎಂದು ಬರೆದರೆ ಉಪಯೋಗವಿಲ್ಲ. ‘ನೆರಳಿಗೆ ಕಪ್ಪಿನ ಬದಲು ನೇರಳೆ’, ‘ಹಿನ್ನೆಲೆ ಖಾಲಿ’, ‘ಕುತ್ತಿಗೆ ಉದ್ದ’ ಎಂದು ಬರೆಯಿರಿ.

ಈ ಪಟ್ಟಿಯಲ್ಲಿ ನಿಮ್ಮ ಆಯ್ಕೆಗಳೂ ದೌರ್ಬಲ್ಯಗಳೂ ಬೆರೆತಿರುತ್ತವೆ. ಬೇರ್ಪಡಿಸುವ ದಾರಿ ಸುಲಭ: ಅದನ್ನೇ ಉಲ್ಟಾ ಮಾಡಿ ಒಂದು ಚಿತ್ರ ಬರೆಯಿರಿ. ಪ್ರತಿ ವ್ಯಕ್ತಿಯ ಕೈಯೂ ಜೇಬಿನಲ್ಲೋ ಬೆನ್ನ ಹಿಂದೆಯೋ ಇದ್ದರೆ, ಕೈ ಕಾಣುವಂತೆ ಬರೆದು ನೋಡಿ. ಬಂತು, ಆದರೂ ಮೊದಲಿನದೇ ಇಷ್ಟವಾಯಿತು ಎಂದರೆ ಅದು ಆಯ್ಕೆ. ಬರಲೇ ಇಲ್ಲ ಎಂದರೆ ಅದು ಅಭ್ಯಾಸದ ಕೊರತೆ; ಶೈಲಿಯ ಮಾತು ಬದಿಗಿಟ್ಟು ಬೇರೆ ಬೇರೆ ಕೋನಗಳಿಂದ 20 ಕೈಗಳನ್ನು ಬರೆಯಿರಿ. ಸುತ್ತ ದಪ್ಪ ಔಟ್‌ಲೈನ್ ಎಳೆಯುವವರು ಈ ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ಎಷ್ಟೋ ಸಲ ಆ ಗೆರೆ ಇರುವುದು ಒಳಗಿನ ಆಕಾರಗಳ ನಡುವೆ ನೆರಳು ಬೆಳಕಿನ ವ್ಯತ್ಯಾಸ ಸಾಲದ್ದನ್ನು ಮುಚ್ಚಲು.

ಇನ್ನು ಬೇರೆಯವರ ಪ್ರಭಾವ. ನಕಲು ಮಾಡುವುದನ್ನು ನಿಲ್ಲಿಸಿ ಎಂಬ ಸಲಹೆ ಧಾರಾಳವಾಗಿ ಸಿಗುತ್ತದೆ, ಅದನ್ನು ಒಪ್ಪಲಾಗದು. ತೊಂದರೆ ಇರುವುದು ನಕಲು ಅರ್ಧಕ್ಕೇ ನಿಲ್ಲುವುದರಲ್ಲಿ. ವಿನ್ಸೆಂಟ್ ವ್ಯಾನ್ ಗಾಗ್ 1889–90ರಲ್ಲಿ ಫ್ರಾನ್ಸಿನ ಸೇಂಟ್ ರೆಮಿಯಲ್ಲಿದ್ದಾಗ, ತನಗಿಂತ ಹಿಂದಿನ ಫ್ರೆಂಚ್ ಕಲಾವಿದ ಜಾನ್ ಫ್ರಾಂಸ್ವಾ ಮಿಲೆಯ ಸುಮಾರು 20 ಚಿತ್ರಗಳನ್ನು ಆಧರಿಸಿ ತೈಲವರ್ಣದಲ್ಲಿ ಕೆಲಸ ಮಾಡಿದ. ಅವನ ಮುಂದಿದ್ದದ್ದು ಕಪ್ಪು ಬಿಳುಪಿನ ಪ್ರತಿಗಳು. ಸಂಯೋಜನೆ ಮಿಲೆಯದು, ಭಂಗಿ ಮಿಲೆಯದು; ಬಣ್ಣ ಮತ್ತು ಕುಂಚದ ಬೀಸು ಮಾತ್ರ ಅವನೇ ತುಂಬಬೇಕಿತ್ತು. ಇಂದು ಆ ಚಿತ್ರಗಳನ್ನು ನೋಡಿದವರು ವ್ಯಾನ್ ಗಾಗ್ ಎಂದೇ ಗುರುತಿಸುತ್ತಾರೆ.

ಇದೇ ಉಪಾಯವನ್ನು ನೀವು ಮೂರು ಹಾಳೆಗಳಲ್ಲಿ ಬಳಸಬಹುದು. ಮೊದಲನೆಯದರಲ್ಲಿ ಮೆಚ್ಚಿನ ಚಿತ್ರವನ್ನು ಇದ್ದಂತೆ ಬರೆಯಿರಿ. ಮರುದಿನ ಮೂಲವನ್ನು ಮುಚ್ಚಿಟ್ಟು ನೆನಪಿನಿಂದ ಬರೆಯಿರಿ; ಮರೆತ ಕಡೆಯೆಲ್ಲ ನಿಮ್ಮ ರೂಢಿ ಬಂದು ತುಂಬುತ್ತದೆ. ಮೂರನೆಯದರಲ್ಲಿ ಆ ಚಿತ್ರದ ಒಂದೇ ಒಂದು ಗುಣವನ್ನು, ಉದಾಹರಣೆಗೆ ಅಂಚುಗಳನ್ನು ಹಿನ್ನೆಲೆಯಲ್ಲಿ ಕರಗಿಸುವ ಬಗೆಯನ್ನು, ನಿಮ್ಮ ಕಣ್ಣೆದುರಿನ ಬೇರೆ ವಸ್ತುವಿಗೆ ಹಾಕಿ ನೋಡಿ. ಎರಡನೇ ಹಾಳೆಯೇ ಇಲ್ಲಿ ಮುಖ್ಯ. ಬೇಸರ ತರುವುದೂ ಅದೇ, ಬಿಟ್ಟುಬಿಡಬೇಡಿ. ಕಲಾವಿದರೂ ಒಬ್ಬರೇ ಆಗಬಾರದು. ಒಬ್ಬರಿಂದ ಗೆರೆ, ಇನ್ನೊಬ್ಬರಿಂದ ಬಣ್ಣ, ಮತ್ತೊಬ್ಬರಿಂದ ಸಂಯೋಜನೆ ಕಲಿತರೆ ಆ ಮೂರನ್ನು ಹೊಂದಿಸುವ ಹೊಣೆ ನಿಮ್ಮದಾಗುತ್ತದೆ.

ಇಷ್ಟಾದ ಮೇಲೆ ಒಂದು ಸರಣಿ ಬರೆಯಿರಿ: ಒಂದೇ ವಸ್ತು, ಒಂದೇ ಅಳತೆಯ ಹಾಳೆ, ಹತ್ತು ಚಿತ್ರ. ಬಣ್ಣ ಮೂರು ಸಾಕು. ಜಲವರ್ಣವಾದರೆ ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ (ಕೆಂಗಂದು), ಯೆಲ್ಲೊ ಓಕರ್ (ಮಣ್ಣಿನ ಹಳದಿ) ಒಳ್ಳೆಯ ಜೊತೆ. ಮೊದಲೆರಡನ್ನು ಬೆರೆಸಿದರೆ ಕಪ್ಪಿಗೆ ಹತ್ತಿರದ ಗಾಢ ಬೂದಿ ಸಿಗುತ್ತದೆ. ನೀಲಿ ಮತ್ತು ಓಕರ್ ಸೇರಿ ಮಂಕು ಹಸಿರಾಗುತ್ತದೆ. ಹೊಳೆಯುವ ಹಸಿರು ಎಷ್ಟು ಬೆರೆಸಿದರೂ ಬರುವುದಿಲ್ಲ. ಅದಿಲ್ಲದೆ ಎಲೆಯನ್ನು ಹೇಗೆ ಹೇಳುತ್ತೀರಿ ಎಂಬಲ್ಲಿ ನಿಮ್ಮ ತೀರ್ಮಾನ ಶುರುವಾಗುತ್ತದೆ. ಎಲ್ಲ ಮಿಶ್ರಣಗಳಲ್ಲೂ ಅವೇ ಮೂರು ಬಣ್ಣ ಇರುವುದರಿಂದ ಹತ್ತೂ ಚಿತ್ರಗಳಿಗೆ ತಾನಾಗಿ ಒಂದು ನಂಟು ಬರುತ್ತದೆ. ಪ್ರತಿ ಚಿತ್ರಕ್ಕೂ ಮೊದಲು ಬೆಂಕಿಪೊಟ್ಟಣದಷ್ಟು ಸಣ್ಣ ಚೌಕದಲ್ಲಿ ಗಾಢ, ನಡು, ತಿಳಿ ಎಂಬ ಮೂರೇ ಛಾಯೆಗಳಲ್ಲಿ ಮೂರು ಕರಡು ಹಾಕಿ, ಒಂದನ್ನು ಆರಿಸಿ. ಒಂದು ಚಿತ್ರದಿಂದ ಇನ್ನೊಂದಕ್ಕೆ ಒಂದೇ ಅಂಶ ಬದಲಾಗಲಿ. ಎರಡು ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ನಾಲ್ಕನೆಯದೋ ಐದನೆಯದೋ ಬರುವ ಹೊತ್ತಿಗೆ ಸಾಕೆನಿಸುತ್ತದೆ, ಏಕೆಂದರೆ ಗೊತ್ತಿದ್ದ ಉಪಾಯಗಳು ಅಷ್ಟರಲ್ಲಿ ಮುಗಿದಿರುತ್ತವೆ. ಅಲ್ಲಿಂದ ಮುಂದಿನವೇ ನಿಜವಾದ ಫಸಲು. ಡಚ್ ಕಲಾವಿದ ಪೀಟ್ ಮೊಂಡ್ರಿಯಾನ್ 1908ರಿಂದ 1912ರವರೆಗೆ ಮರವನ್ನು ಮತ್ತೆ ಮತ್ತೆ ಬರೆದ. ಮೊದಲು ಕೊಂಬೆ ಕೊಂಬೆಯೂ ಗುರುತು ಸಿಗುವ ಮರ. ಕೊನೆಕೊನೆಗೆ ಉಳಿದದ್ದು ಬಾಗಿದ ಗೆರೆಗಳು ಮತ್ತು ಅವುಗಳ ನಡುವಿನ ಜಾಗ. ಅವನ ಹೆಸರಿನೊಂದಿಗೆ ಇಂದು ನೆನಪಾಗುವ ನೇರ ಗೆರೆ, ಕೆಂಪು, ಹಳದಿ, ನೀಲಿಗಳ ಚೌಕಟ್ಟು ಬಂದದ್ದು 1920ರ ಸುಮಾರಿಗೆ.

ಕೆಲಸ ಕೆಡುವುದು ಹೆಚ್ಚಾಗಿ ಎರಡು ಕಡೆ. ವಾರಕ್ಕೊಂದು ಮಾಧ್ಯಮ ಬದಲಿಸಿದರೆ ಪ್ರತಿ ಸಲವೂ ಗಮನವೆಲ್ಲ ಬಣ್ಣ ಹಿಡಿತಕ್ಕೆ ತರುವುದರಲ್ಲೇ ಕಳೆಯುತ್ತದೆ, ಆಯ್ಕೆ ಮಾಡುವಷ್ಟು ಬಿಡುವು ಕೈಗೆ ಸಿಗುವುದಿಲ್ಲ. ಕನಿಷ್ಠ ಮೂರು ತಿಂಗಳು ಒಂದರಲ್ಲೇ ಇರಿ. ಇನ್ನೊಂದು, ಮೆಚ್ಚುಗೆ ಸಿಕ್ಕ ಒಂದು ಚಿತ್ರವನ್ನೇ ಅಚ್ಚಿನಂತೆ ಮತ್ತೆ ಮತ್ತೆ ಬರೆಯುವುದು. ವಸ್ತು ಬದಲಾದರೂ ಅದೇ ಕಣ್ಣು, ಅದೇ ಮೋಡ ಬರುತ್ತಿದ್ದರೆ ನೀವು ಎದುರಿಗಿರುವುದನ್ನು ನೋಡುತ್ತಿಲ್ಲ. ಆಗ ಎರಡು ವಾರ ನೆನಪಿನಿಂದ ಏನನ್ನೂ ಬರೆಯದೆ, ನೇರವಾಗಿ ನೋಡಿಯೇ ಬರೆಯಿರಿ.

ಅಭ್ಯಾಸದ ನಕಲು ಚಿತ್ರಗಳ ಹಿಂಬದಿಯಲ್ಲಿ ಮೂಲ ಕಲಾವಿದರ ಹೆಸರು, ತಾರೀಖು ಬರೆದಿಡಿ, ಇತರರಿಗೆ ತೋರಿಸುವಾಗಲೂ ಅದನ್ನು ಹೇಳಿ. ಆರು ತಿಂಗಳ ನಂತರ ಮತ್ತೆ 30 ಚಿತ್ರ ಹರಡಿದಾಗ ಯಾವುದು ಎಲ್ಲಿಂದ ಬಂತೆಂದು ಬೇರ್ಪಡಿಸಲು ಆ ಬರಹ ನಿಮಗೇ ಬೇಕಾಗುತ್ತದೆ.