ಮದುವೆ ಉಡುಪಿಯಲ್ಲಿ, ಮನೆ ಮಲಾಡಿನಲ್ಲಿ, ಕೇಸು ಎಲ್ಲಿ?

ಮುಂಬಯಿಯ ಯಾವ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಹೋದರೂ ಊಟದ ಪಂಕ್ತಿಯಲ್ಲಿ ನನಗೊಂದು ಪ್ರಶ್ನೆ ಕಾದಿರುತ್ತದೆ. ನಾನು ವಕೀಲನಲ್ಲ. ಸಂಬಂಧಿಕರ ಮಗಳೊಬ್ಬಳ ಜೊತೆಗೆ ನಾಲ್ಕು ವರ್ಷ ಬಾಂದ್ರಾದ ಕುಟುಂಬ ನ್ಯಾಯಾಲಯಕ್ಕೆ ಅಲೆದವನು, ಅಷ್ಟೇ. ಆದರೂ ಪಕ್ಕದ ಎಲೆಯವರು ಸಾರು ಬಡಿಸುವವರು ಮುಂದೆ ಹೋಗುವುದನ್ನೇ ಕಾದು ದನಿ ತಗ್ಗಿಸುತ್ತಾರೆ: "ನಮ್ಮ ಹುಡುಗಿ ಊರಿನಲ್ಲಿದ್ದಾಳೆ ಮಾರಾಯರೇ. ಅವರು ಬಾಂದ್ರಾದಲ್ಲಿ ಹಾಕಿದ್ದಾರೆ. ಪ್ರತಿ ತಾರೀಖಿಗೂ ಇವಳು ಬರಲೇಬೇಕೇ?"

ಏನು ಹಾಕಿದ್ದಾರೆ ಎಂದು ಅವರು ಹೇಳುವುದಿಲ್ಲ, ನಾನು ಕೇಳುವುದಿಲ್ಲ. ವಿಚ್ಛೇದನ ಎಂಬ ಶಬ್ದ ನಮ್ಮವರ ಬಾಯಲ್ಲಿ ಇನ್ನೂ ಕಷ್ಟಪಟ್ಟು ಬರುತ್ತದೆ. ಹಾಗೆಂದು ಬೇರೆಯಾಗುವುದು ನಮಗೆ ಹೊಸದೇನಲ್ಲ. ಉತ್ತರ ಕರ್ನಾಟಕದ ಹಲವು ಜಾತಿಗಳಲ್ಲಿ ಸೋಡಚೀಟಿ, ಎಂದರೆ ಬಿಡುಗಡೆಯ ಚೀಟಿ, ಇತ್ತು, ಅದರ ನಂತರ ಉಡಿಕೆ ಎಂಬ ಮರುಮದುವೆಯೂ ಇತ್ತು. ಮರಾಠಿಯಲ್ಲಿ ಕಾಡಿಮೋಡ, ಎಂದರೆ ಕಡ್ಡಿ ಮುರಿಯುವುದು. ಇಂದು ಮಹಾರಾಷ್ಟ್ರದ ಸರ್ಕಾರಿ ಕಾಗದಗಳಲ್ಲಿರುವ ಘಟಸ್ಫೋಟ ಎಂಬ ಪದವೂ ಗಡಿಗೆ ಒಡೆಯುವುದರಿಂದಲೇ ಬಂದದ್ದು. ತುಳುನಾಡಿನ ಅಳಿಯಸಂತಾನದವರಲ್ಲಿ ಗಂಡ ಹೆಂಡತಿ ಬೇರೆಯಾದರೆ ಮಕ್ಕಳು ಯಾರ ಪಾಲಿಗೆ ಎಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ, ಅವರು ತಾಯಿಯ ಕುಟುಂಬದವರು. ಗಂಟು ಬಿದ್ದದ್ದು ಇದೆಲ್ಲ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ.

ಜಾತಿಯ ಪಂಚಾಯಿತಿ ಮದುವೆಯನ್ನು ರದ್ದುಮಾಡಿ ಹೆಣ್ಣಿಗೆ ಮರುಮದುವೆಯ ಅನುಮತಿ ಕೊಟ್ಟರೆ ಅದನ್ನು ಒಪ್ಪುವುದಿಲ್ಲ ಎಂದು ಬಾಂಬೆ ಹೈಕೋರ್ಟು 1876ರಲ್ಲೇ ಹೇಳಿತು. ಬಾಗಿಲು ಮುಚ್ಚಿತು, ಬದಲಿಗೆ ಇನ್ನೊಂದು ತೆರೆಯಲಿಲ್ಲ. ಎಳೆತನದಲ್ಲಿ ಮದುವೆಯಾಗಿ ಗಂಡನ ಮನೆಗೆ ಹೋಗಲೊಪ್ಪದ ರುಖ್ಮಾಬಾಯಿಗೆ 1887ರಲ್ಲಿ ಅದೇ ನ್ಯಾಯಾಲಯ ಕೊಟ್ಟದ್ದು ಎರಡೇ ಆಯ್ಕೆ: ಗಂಡನ ಮನೆ, ಇಲ್ಲವೇ ಆರು ತಿಂಗಳ ಸೆರೆ. ಸೆರೆಯೇ ಆಗಲಿ ಎಂದಳು ಆಕೆ. ಮರುವರ್ಷ ಹಣ ಕೊಟ್ಟು ಬಿಡಿಸಿಕೊಂಡು, ಲಂಡನ್ನಿಗೆ ಹೋಗಿ ವೈದ್ಯೆಯಾಗಿ ಬಂದಳು. ಸಂಸಾರಕ್ಕೆ ಬಾ ಎಂದು ಗಂಡ ಆಕೆಯ ಮೇಲೆ ಹೂಡಿದ್ದ 'ದಾಂಪತ್ಯ ಹಕ್ಕಿನ ಪುನಃಸ್ಥಾಪನೆ' ಎಂಬ ದಾವೆ ಈಗಲೂ ಹಿಂದೂ ವಿವಾಹ ಕಾಯ್ದೆಯ 9ನೇ ಸೆಕ್ಷನ್ನಿನಲ್ಲಿ ಜೀವಂತವಾಗಿದೆ. ಊರಿನಲ್ಲಿರುವ ಹುಡುಗಿಗೆ ಬಾಂದ್ರಾದಿಂದ ಬರುವ ಮೊದಲ ನೋಟಿಸು ಎಷ್ಟೋ ಸಲ ಇದೇ ಆಗಿರುತ್ತದೆ.

ಮುಂದಿನ ಸುಮಾರು ತೊಂಬತ್ತು ವರ್ಷಗಳನ್ನು ಒಂದೇ ಉಸಿರಿನಲ್ಲಿ ಹೇಳಬಹುದು. ಬಾಂಬೆ ಪ್ರಾಂತ್ಯ ಹಿಂದೂ ವಿಚ್ಛೇದನ ಕಾಯ್ದೆಯನ್ನು 1947ರಲ್ಲಿ ತಂದಿತು, ಮದ್ರಾಸ್ 1949ರಲ್ಲಿ. ಧಾರವಾಡ, ಬೆಳಗಾವಿ, ಕಾರವಾರ ಅಂದು ಬಾಂಬೆಗೆ ಸೇರಿದ್ದವು, ಮಂಗಳೂರು, ಉಡುಪಿ ಮದ್ರಾಸಿಗೆ. ಮುಂಬಯಿಯ ಕೋಟೆ ಪ್ರದೇಶದ ಹೋಟೆಲಿನಲ್ಲಿ ದುಡಿಯುತ್ತಿದ್ದ ಗಂಡನಿಗೂ ಕುಂದಾಪುರದಲ್ಲಿ ಗದ್ದೆ ನೋಡಿಕೊಂಡಿದ್ದ ಹೆಂಡತಿಗೂ ಕಾನೂನು ಬೇರೆ ಬೇರೆ. 1955ರ ಹಿಂದೂ ವಿವಾಹ ಕಾಯ್ದೆ ಈ ಗಡಿಯನ್ನು ಅಳಿಸಿತು. ಆದರೆ ಮೊದಲ ಇಪ್ಪತ್ತು ವರ್ಷ ಕ್ರೌರ್ಯವೊಂದೇ ಕಾರಣವಾದರೆ ವಿಚ್ಛೇದನ ಸಿಗುತ್ತಿರಲಿಲ್ಲ, ಮದುವೆ ಮುರಿಯದೆಯೇ ಬೇರೆ ಇರುವ ನ್ಯಾಯಿಕ ಪ್ರತ್ಯೇಕತೆ ಮಾತ್ರ. 1976ರ ತಿದ್ದುಪಡಿ ಕ್ರೌರ್ಯವನ್ನು ವಿಚ್ಛೇದನದ ಕಾರಣಗಳಿಗೆ ಸೇರಿಸಿತು. ಇಬ್ಬರೂ ಒಪ್ಪಿ ಬೇರೆಯಾಗುವ 13ಬಿ ಸೆಕ್ಷನ್ನನ್ನೂ ಆಗಲೇ ತಂದಿತು.

ನಾನು ಕಂಡು ಬಲ್ಲ ಕಾಲ ಇದರ ನಂತರದ್ದು. ಕುಟುಂಬ ನ್ಯಾಯಾಲಯಗಳ ಕಾಯ್ದೆ 1984ರಲ್ಲಿ ಬಂತು, ಮುಂಬಯಿಯಲ್ಲಿ ನ್ಯಾಯಾಲಯ ಶುರುವಾದದ್ದು 1989ರಲ್ಲಿ. ಅದು ಮಹಾನಗರದವರಿಗೆ ಮಾತ್ರ. ಮುಲುಂಡ್ ಚೆಕ್‌ನಾಕಾ ದಾಟಿದರೆ ಠಾಣೆ ಜಿಲ್ಲೆ, ಆಚೆಯ ನಮ್ಮವರಿಗೆ ಬಾಂದ್ರಾ ಸಲ್ಲದು. ಕಾಯ್ದೆಯ ಆಶಯ ಒಳ್ಳೆಯದಿತ್ತು. ಇದು ಜಗಳದ ಕಟ್ಟೆಯಾಗಬಾರದು, ಸಮಾಲೋಚಕರು ಇರಬೇಕು, ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ, ನ್ಯಾಯಾಧೀಶರ ಅನುಮತಿ ಬೇಕು. ಅನುಮತಿ ಬಹಳ ಬೇಗ ವಾಡಿಕೆಯಾಯಿತು. ಇಂದು ವಕೀಲರಿಲ್ಲದೆ ಒಳಗೆ ಹೋದವರನ್ನು ಕಾರಿಡಾರಿನಲ್ಲಿ ಎಲ್ಲರೂ ಕನಿಕರದಿಂದ ನೋಡುತ್ತಾರೆ.

ಸಮಾಲೋಚಕರ ಕೋಣೆಯಲ್ಲಿ ಇನ್ನೊಂದು ತೊಡಕು ಕಂಡೆ. ಅಲ್ಲಿ ಮಾತು ನಡೆಯುವುದು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ. ಮದುವೆಯಾಗಿ ಎರಡು ವರ್ಷಕ್ಕೆ ಊರಿಗೆ ಮರಳಿದ ಹುಡುಗಿ ಬಿಲ್ಲು ಕೊಡಲು, ರಿಕ್ಷಾ ಕರೆಯಲು ಬೇಕಾದಷ್ಟು ಹಿಂದಿ ಕಲಿತಿರುತ್ತಾಳೆ. ಅತ್ತೆಯ ಮನೆಯಲ್ಲಿ ತನ್ನ ಮನಸ್ಸಿಗೆ ಏನಾಯಿತು ಎಂದು ಹೇಳುವಷ್ಟು ಹಿಂದಿ ಅದಲ್ಲ. ನಮ್ಮ ಹುಡುಗಿ ಅಲ್ಲಿ ಹೇಳಿದ್ದು ಒಂದೇ ವಾಕ್ಯ, ಬರುವಾಗ ಲೋಕಲ್ ರೈಲಿನಲ್ಲಿ ಕನ್ನಡದಲ್ಲಿ ಹೇಳಿದ್ದು ಅಂಧೇರಿಯಿಂದ ಮಲಾಡಿನವರೆಗೂ ಮುಗಿಯಲಿಲ್ಲ.

ಈಗ ಊಟದ ಪಂಕ್ತಿಯ ಪ್ರಶ್ನೆಗೆ ಬರೋಣ. ಅರ್ಜಿ ಎಲ್ಲಿ ಹಾಕಬಹುದು? 1955ರ ಕಾಯ್ದೆಯ 19ನೇ ಸೆಕ್ಷನ್ನಿನಲ್ಲಿ ಮುಖ್ಯವಾಗಿ ಮೂರು ಜಾಗ ಇದ್ದವು: ಮದುವೆ ನಡೆದ ಊರು, ಎದುರು ಪಕ್ಷದವರು ಇರುವ ಊರು, ಇಬ್ಬರೂ ಕೊನೆಯದಾಗಿ ಒಟ್ಟಿಗೆ ಬಾಳಿದ ಊರು. ಧಾರೆ ಉಡುಪಿಯ ಕಲ್ಯಾಣಮಂಟಪದಲ್ಲಿ ಆಗಿ ಸಂಸಾರ ಮಲಾಡಿನಲ್ಲಿ ನಡೆದಿದ್ದರೆ ಗಂಡನಿಗೆ ಮನೆಯ ಹತ್ತಿರದ ಬಾಂದ್ರಾ ಸಾಕು. 2003ರ ಡಿಸೆಂಬರಿನಲ್ಲಿ ಸಂಸತ್ತು ಇದಕ್ಕೊಂದು ಸಾಲು ಸೇರಿಸಿತು: ಅರ್ಜಿದಾರಳು ಹೆಂಡತಿಯಾದರೆ, ಆಕೆ ಅರ್ಜಿಯ ದಿನ ಇರುವ ಊರಿನಲ್ಲೇ ಹಾಕಬಹುದು. ಒಂದು ಸಾಲಿನ ಈ ತಿದ್ದುಪಡಿಯಷ್ಟು ಊರಿಗೆ ಮರಳಿದ ಹೆಣ್ಣುಮಕ್ಕಳಿಗೆ ನೆರವಾದದ್ದು ಬೇರೊಂದಿಲ್ಲ ಎಂದು ನನ್ನ ಅನಿಸಿಕೆ. ಆದರೆ ಅದು ಮೊದಲು ಅರ್ಜಿ ಹಾಕಿದವಳಿಗೆ. 'ಸರಿಹೋಗುತ್ತದೆ, ಕಾಯೋಣ' ಎಂದು ತವರಿನಲ್ಲಿ ಕುಳಿತವಳ ಕೈಗೆ ಬಾಂದ್ರಾದ ನೋಟಿಸು ಬಂದಿರುತ್ತದೆ. ಆಮೇಲೆ ಅವಳು ಉಡುಪಿಯಲ್ಲಿ ಜೀವನಾಂಶಕ್ಕೆ ಹಾಕುತ್ತಾಳೆ. ಒಂದು ಮದುವೆ, ಎರಡು ರಾಜ್ಯ, ಮೂರು ಕೇಸು.

ಒಂದು ರಾಜ್ಯದ ಕೇಸನ್ನು ಇನ್ನೊಂದು ರಾಜ್ಯಕ್ಕೆ ವರ್ಗಾಯಿಸಲು ದೆಹಲಿಗೇ ಹೋಗಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೇ ಸೆಕ್ಷನ್ ಪ್ರಕಾರ ಆ ಅಧಿಕಾರ ಸುಪ್ರೀಂ ಕೋರ್ಟಿನದು. ಮಲಾಡಿನಿಂದ ಉಡುಪಿಗೆ ದಾರಿ ದೆಹಲಿಯ ಮೇಲಿಂದ! ಸಾಮಾನ್ಯವಾಗಿ ಅಲ್ಲಿ ಹೆಂಡತಿಯ ಅನುಕೂಲಕ್ಕೆ ಹೆಚ್ಚು ತೂಕ ಸಿಗುತ್ತದೆ. 2022ರ ತೀರ್ಪೊಂದು ಅದನ್ನು ಮತ್ತೊಮ್ಮೆ ಹೇಳಿದೆ. ಇಂಥ ಅರ್ಜಿಗಳು ರಾಶಿ ಬಿದ್ದಾಗ 2017ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಒಂದು ಪೀಠ ವಿಡಿಯೊ ಕಾನ್ಫರೆನ್ಸಿನ ದಾರಿ ತೋರಿಸಿತು: ವರ್ಗಾವಣೆ ಏಕೆ, ಇದ್ದಲ್ಲಿಂದಲೇ ಹಾಜರಾಗಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇಬ್ಬರ ಬಹುಮತದಿಂದ ಅದನ್ನು ಬದಿಗಿಟ್ಟಿತು. ರಾಜಿಯ ಯತ್ನ ನಡೆಯುವಾಗ ಇಬ್ಬರೂ ಎದುರುಬದುರು ಇರಬೇಕು, ಅದು ವಿಫಲವಾದ ಮೇಲೆ ಇಬ್ಬರೂ ಒಪ್ಪಿದರೆ ಮಾತ್ರ ವಿಡಿಯೊ ಎಂದಿತು. ಗೌಪ್ಯತೆಯ ಕಾಳಜಿ ಅದರ ಹಿಂದಿತ್ತು, ಅದು ಹುರುಳಿಲ್ಲದ ಮಾತಲ್ಲ. ಎರಡೂವರೆ ವರ್ಷದಲ್ಲಿ ಕೊರೊನಾ ಬಂದು ದೇಶದ ನ್ಯಾಯಾಲಯಗಳೇ ಪರದೆಯ ಮೇಲೆ ಕುಳಿತವು. ಆಗ ಸಾಧ್ಯವಾದದ್ದು ಆಮೇಲೆ ಮತ್ತೆ ಕಷ್ಟವಾದದ್ದು ಹೇಗೆ ಎಂದು ಕೇಳಿದರೆ ಕಾರಿಡಾರಿನಲ್ಲಿ ನಗುತ್ತಾರೆ.

ನಮ್ಮ ಹುಡುಗಿ ಮತ್ಸ್ಯಗಂಧ ರೈಲಿನಲ್ಲಿ ಹನ್ನೊಂದು ಸಲ ಬಂದಳು. ಅದರಲ್ಲಿ ಆರು ಸಲ ಹೊಸ ತಾರೀಖು ಬರೆದುಕೊಂಡು ಹೋದಳು.

ಮಗುವಿನ ವಿಷಯದಲ್ಲಿ ಭೂಗೋಳ ಇನ್ನೂ ಸೂಕ್ಷ್ಮ. 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯ ಪ್ರಕಾರ ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೆಯೋ ಅಲ್ಲಿನ ನ್ಯಾಯಾಲಯ. ಹಾಗಾಗಿ ಶಾಲೆಯ ವರ್ಗಾವಣೆ ಪತ್ರವೇ ದೊಡ್ಡ ಸಾಕ್ಷಿ. ಜೂನ್ ತಿಂಗಳಿನಲ್ಲಿ ಮಗುವನ್ನು ಯಾರು ಯಾವ ಊರಿನ ಶಾಲೆಗೆ ಸೇರಿಸಿದರು ಎಂಬುದು ಮುಂದಿನ ಹಲವು ವರ್ಷ ನಿರ್ಧರಿಸುತ್ತದೆ, ಇದು ಎರಡೂ ಕಡೆಯವರಿಗೆ ಗೊತ್ತಿರುತ್ತದೆ. ಹಿಂದೂಗಳಿಗೆ 1956ರ ಕಾಯ್ದೆ ತಂದೆಯೇ ಸಹಜ ಪಾಲಕ, 'ಅವನ ನಂತರ' ತಾಯಿ ಎಂದಿತು. ಐದು ವರ್ಷದೊಳಗಿನ ಮಗು ಮಾತ್ರ ಸಾಧಾರಣವಾಗಿ ತಾಯಿಯ ಬಳಿ. ಅಳಿಯಸಂತಾನದ ಮನೆಗಳಿಂದ ಬಂದ ಅಜ್ಜಿಯರಿಗೆ ಇದು ಇವತ್ತಿಗೂ ಅರ್ಥವಾಗುವುದಿಲ್ಲ. 'ನಂತರ' ಎಂದರೆ ತಂದೆ ಸತ್ತ ಮೇಲೆ ಎಂದೇ ಅಲ್ಲ, ಅವನು ಹೊಣೆ ಹೊರದಿದ್ದಾಗಲೂ ಎಂದು ಸುಪ್ರೀಂ ಕೋರ್ಟು 1999ರಲ್ಲಿ ಬಿಡಿಸಿ ಹೇಳಿತು. ಐದು ವರ್ಷ ತುಂಬಿದ ದಿನ ಮಗು ತಾನಾಗಿ ತಂದೆಗೆ ಹೋಗುತ್ತದೆ ಎಂದು ಹೆದರಿಸುವವರಿದ್ದಾರೆ. ಹಾಗಿಲ್ಲ, ಮಗುವಿನ ಹಿತವೇ ಮೇಲು.

ಪೋಟಗಿಯ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಮರಾಠಿಯಲ್ಲಿ ಜೀವನಾಂಶಕ್ಕೆ ಪೋಟಗಿ ಎನ್ನುತ್ತಾರೆ, ಪೋಟ್ ಎಂದರೆ ಹೊಟ್ಟೆ. ನಮ್ಮ ಜೀವನಾಂಶಕ್ಕಿಂತ ನೇರವಾದ ಮಾತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ ತಿಂಗಳಿಗೆ ಗರಿಷ್ಠ 500 ರೂಪಾಯಿ ಎಂದಿತ್ತು. ಕೆಲವು ರಾಜ್ಯಗಳು ತಮ್ಮ ಮಟ್ಟದಲ್ಲಿ ಏರಿಸಿಕೊಂಡವು, ಕೇಂದ್ರ ಆ ಮಿತಿಯನ್ನು ತೆಗೆದದ್ದು 2001ರಲ್ಲಿ. ಈಗ ಅದೇ ನಿಯಮ 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯ 144ನೇ ಸೆಕ್ಷನ್. ಇದರ ಜೊತೆಗೆ ವಿವಾಹ ಕಾಯ್ದೆಯ ಮಧ್ಯಂತರ ಜೀವನಾಂಶ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪರಿಹಾರ, ಹೀಗೆ ಬಾಗಿಲುಗಳು ಹಲವು. ಮುಸ್ಲಿಂ ಮಹಿಳೆಯರ ಜೀವನಾಂಶದ ಹಾದಿ, 1985ರ ಶಾ ಬಾನೊ ತೀರ್ಪಿನಿಂದ ಈಚಿನವರೆಗೆ, ಬೇರೆಯೇ ಲೇಖನ ಬೇಡುತ್ತದೆ.

ಎಷ್ಟು ಸಿಗುತ್ತದೆ? ಸಂಬಳದ ಕಾಲು ಭಾಗ ಎಂದು ಎಲ್ಲರೂ ಹೇಳುತ್ತಾರೆ. 2017ರ ಒಂದು ತೀರ್ಪಿನಲ್ಲಿ ಕೈಗೆ ಬರುವ ಸಂಬಳದ ಶೇಕಡಾ 25 ನ್ಯಾಯವೆನಿಸುತ್ತದೆ ಎಂಬ ಮಾತು ಬಂದದ್ದು ನಿಜ, ಅದು ಎಲ್ಲರಿಗೂ ಅನ್ವಯಿಸುವ ಸೂತ್ರವಲ್ಲ. ಹೋಟೆಲಿನ ಪಾಲುದಾರಿಕೆಯಲ್ಲಿ 'ಸಂಬಳ' ಎಲ್ಲಿದೆ? ಗಲ್ಲಾಪೆಟ್ಟಿಗೆಯ ಲೆಕ್ಕ ತಂದೆಯ ಹೆಸರಿನಲ್ಲಿ, ಪರವಾನಗಿ ಚಿಕ್ಕಪ್ಪನ ಹೆಸರಿನಲ್ಲಿ, ಮಗ ಕಾಗದದಲ್ಲಿ ಬರೀ ಕೆಲಸಗಾರ. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ, ಮಹಾರಾಷ್ಟ್ರದಿಂದಲೇ ಹೋದ ಪ್ರಕರಣವದು, ಇಬ್ಬರೂ ಆಸ್ತಿ, ಆದಾಯ, ಸಾಲ ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು ಎಂದು ಕಟ್ಟುಮಾಡಿತು. ಪ್ರಮಾಣಪತ್ರದ ಕಾಗದ ಈಗ ಎಲ್ಲ ಕಡತದಲ್ಲೂ ಇರುತ್ತದೆ. ಅದರೊಳಗಿನ ಅಂಕಿ ಓದಿದರೆ ಮುಂಬಯಿಯ ಹೋಟೆಲು ಉದ್ಯಮ ನಷ್ಟದಲ್ಲೇ ನಡೆಯುತ್ತಿದೆ ಎನ್ನಿಸುತ್ತದೆ.

ಕೊನೆಗೆ ಬಹುತೇಕ ಜನ ಬಂದು ನಿಲ್ಲುವುದು 13ಬಿಯಲ್ಲಿ. ಒಂದು ವರ್ಷ ಬೇರೆ ಇದ್ದಿರಬೇಕು, ಇಬ್ಬರೂ ಸೇರಿ ಅರ್ಜಿ ಹಾಕಬೇಕು, ಆರು ತಿಂಗಳು ಕಾಯಬೇಕು. ಹಳೆಯ ಜಗಳವಾದರೆ ಆ ಆರು ತಿಂಗಳನ್ನು ನ್ಯಾಯಾಲಯ ಮನ್ನಾ ಮಾಡಬಹುದು ಎಂದು 2017ರಲ್ಲಿ ತೀರ್ಮಾನವಾಯಿತು. ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಎಂಬುದೇ ಕಾರಣವಾಗಿ ವಿಚ್ಛೇದನ ಕೊಡಬಹುದೆಂದು 2023ರ ಮೇ ತಿಂಗಳಿನಲ್ಲಿ ಬಂದ ತೀರ್ಪನ್ನು ಮೊಬೈಲಿನಲ್ಲಿ ತೋರಿಸಿ ಹಲವರು ಕೇಳುತ್ತಾರೆ. ಅದು ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಮಾತ್ರ ಇರುವ ಅಧಿಕಾರ, ಬಾಂದ್ರಾದಲ್ಲಿ ನಡೆಯದು.

ನಮ್ಮ ಹುಡುಗಿಯದೂ ಹಾಗೆಯೇ ಮುಗಿಯಿತು, ಮುಂಬಯಿಯವರು ಕನ್ಸೆಂಟ್ ಟರ್ಮ್ಸ್ ಎನ್ನುವ ಒಪ್ಪಂದದ ಕಾಗದದ ಮೇಲೆ. ಮಗು ತಾಯಿಯ ಬಳಿ ಉಡುಪಿಯಲ್ಲಿ. ಬೇಸಿಗೆ ರಜೆಯ ಮೊದಲರ್ಧ, ದೀಪಾವಳಿ ರಜೆಯ ಮೊದಲರ್ಧ ತಂದೆಯ ಬಳಿ. ಎರಡೂ ಕಡೆಯವರು ಓದಿ ಸಹಿ ಹಾಕಿದರು, ನಾನೂ ಪಕ್ಕದಲ್ಲಿ ನಿಂತು ಓದಿದೆ. ಅಕ್ಟೋಬರಿನಲ್ಲಿ ತಂದೆ ಫೋನು ಮಾಡಿದಾಗ ಗೊತ್ತಾಯಿತು: ಮಹಾರಾಷ್ಟ್ರದ ಶಾಲೆಗಳಿಗೆ ದೀಪಾವಳಿಗೆ ದೊಡ್ಡ ರಜೆ, ಕರ್ನಾಟಕದಲ್ಲಿ ಅದು ದಸರಾಕ್ಕೆ. ಮಗುವಿನ ದಸರಾ ರಜೆ ಆಗಲೇ ಮುಗಿದಿತ್ತು. 'ದೀಪಾವಳಿ' ಎಂಬ ಪದವನ್ನು ತಿದ್ದಿಸಲು ಹೊಸ ಅರ್ಜಿ ಬರೆಯಬೇಕಾಯಿತು. ಅದಕ್ಕೆ ತಾರೀಖು ಜನವರಿಯಲ್ಲಿ ಸಿಕ್ಕಿತು.