ಆಲ್ಬರ್ಟ್ ಕಿಂಗ್ ತಂತಿಯನ್ನು ಕೆಳಕ್ಕೆಳೆದಾಗ

ಆಫ್ರಿಕನ್ ಅಮೆರಿಕನ್ನರ ಬ್ಲೂಸ್ ಸಂಗೀತದ ಗಿಟಾರ್ ಎಂದ ಕೂಡಲೇ ಯಾರಾದರೊಬ್ಬರು ದೆವ್ವದ ಕಥೆ ತೆಗೆಯುತ್ತಾರೆ: ನಡುರಾತ್ರಿ, ದಾರಿ ಕೂಡುವ ಜಾಗ, ಆತ್ಮ ಕೊಟ್ಟು ವಿದ್ಯೆ ಪಡೆದವನು. ಈಗ ಅದನ್ನು ಹಳೆಯ ಬ್ಲೂಸ್ ವಾದಕ ರಾಬರ್ಟ್ ಜಾನ್ಸನ್ ತಲೆಗೆ ಕಟ್ಟುತ್ತಾರೆ. ಆದರೆ ಅದೇ ಕಥೆಯನ್ನು ಟಾಮಿ ಜಾನ್ಸನ್ ಎಂಬ ಇನ್ನೊಬ್ಬ ವಾದಕನ ಬಗ್ಗೆ ಅವನ ಒಡಹುಟ್ಟಿದವನೇ ಹೇಳಿಕೊಂಡಿದ್ದ. ಇಷ್ಟು ಸುಲಭವಾಗಿ ಕೈ ಬದಲಾಯಿಸುವ ದೆವ್ವವನ್ನು ನಂಬುವುದಕ್ಕಿಂತ ತಂತಿಯ ಬಿಗಿತವನ್ನು ನಂಬುವುದು ಮೇಲು. ಎಲೆಕ್ಟ್ರಿಕ್ ಬ್ಲೂಸ್‌ನ ಆಲ್ಬರ್ಟ್ ಕಿಂಗ್ ಅದಕ್ಕೆ ಒಳ್ಳೆಯ ಸಾಕ್ಷಿ.

ಎರಡು ಧ್ವನಿಮುದ್ರಿಕೆ ಸಾಕು. 1967ರ ‘ಬಾರ್ನ್ ಅಂಡರ್ ಎ ಬ್ಯಾಡ್ ಸೈನ್’ ನೋಡಲು ಆಲ್ಬಂ, ನಿಜದಲ್ಲಿ ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೊದಲ್ಲಿ ಬಿಡಿಬಿಡಿಯಾಗಿ ಮುದ್ರಿಸಿದ ಹಾಡುಗಳ ಸಂಕಲನ. ಹೆಚ್ಚಿನವು ಮೂರು ನಿಮಿಷದ ಆಸುಪಾಸಿನವು. ಗಿಟಾರ್‌ಗೆ ಸಿಗುವುದು ಹಾಡಿನ ಸಾಲುಗಳ ನಡುವಿನ ಸಂದು, ಜೊತೆಗೊಂದು ಪುಟ್ಟ ಸೋಲೊ. 1968ರ ಜೂನ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಫಿಲ್‌ಮೋರ್ ಸಭಾಂಗಣದಲ್ಲಿ ಮುದ್ರಿಸಿದ ‘ಲೈವ್ ವೈರ್/ಬ್ಲೂಸ್ ಪವರ್’ನಲ್ಲಿ ಒಂದೇ ಹಾಡು ಹತ್ತು ನಿಮಿಷ ದಾಟುತ್ತದೆ. ಸಂಕಲನದಲ್ಲಿ ಮಾತಿನ ಚುಟುಕುತನ, ಲೈವ್‌ನಲ್ಲಿ ಅದೇ ಮಾತು ಹಿಗ್ಗುವ ಬಗೆ. ಕಿಂಗ್ ಬಳಿ ಇದ್ದ ಪದಗುಚ್ಛಗಳು ಕಡಿಮೆಯೇ. ಕಿವಿಗೊಡಬೇಕಾದ್ದು ಎಷ್ಟು ಸ್ವರ ಎಂಬುದಕ್ಕಲ್ಲ, ಒಂದು ಸ್ವರಕ್ಕೆ ಹೇಗೆ ಏರಿದ ಎಂಬುದಕ್ಕೆ.

ಏರುವುದೆಂದರೆ ತಂತಿಯನ್ನು ಫ್ರೆಟ್‌ನ ಮೇಲೆ ಅಡ್ಡಕ್ಕೆ ಎಳೆಯುವುದು. ವೀಣೆಯ ಮೆಟ್ಟಿಲ ಮೇಲೆ ಗಮಕಕ್ಕಾಗಿ ಎಳೆಯುವುದೂ ಇದೇ. ಸ್ವರದ ಆವರ್ತನ ಬಿಗಿತದ ವರ್ಗಮೂಲವನ್ನು ಅನುಸರಿಸುತ್ತದೆ. ಹಾಗಾಗಿ ಎರಡು ಅರ್ಧಸ್ವರ (ಒಂದು ಫ್ರೆಟ್‌ನಿಂದ ಪಕ್ಕದ ಫ್ರೆಟ್‌ಗೆ ಇರುವ ಅಂತರವೇ ಒಂದು ಅರ್ಧಸ್ವರ) ಏರಲು ಬಿಗಿತ ಶೇ. 26ರಷ್ಟು, ಮೂರು ಏರಲು ಶೇ. 41ರಷ್ಟು ಹೆಚ್ಚಬೇಕು. ಗಿಬ್ಸನ್ ಗಿಟಾರ್‌ನಲ್ಲಿ 0.010 ಇಂಚಿನ ಮೊದಲ ತಂತಿ ಸಾಮಾನ್ಯ ಶ್ರುತಿಯಲ್ಲಿ ಸುಮಾರು 7 ಕಿಲೊ ಬಿಗಿತದಲ್ಲಿರುತ್ತದೆ. ಮೂರು ಅರ್ಧಸ್ವರಕ್ಕೆ ಇನ್ನೂ ಹತ್ತಿರಹತ್ತಿರ 3 ಕಿಲೊ ಸೇರಬೇಕು.

ಕಿಂಗ್ ಎಡಚ. ಬಲಗೈಯವರಿಗೆ ಕಟ್ಟಿದ ತಂತಿಗಳನ್ನು ಬದಲಿಸದೆ ಗಿಟಾರನ್ನೇ ತಿರುಗಿಸಿ ಹಿಡಿದ. ತೆಳು ತಂತಿ ಮೇಲಕ್ಕೆ ಬಂತು. ಉಳಿದವರು ಅದನ್ನು ಮೇಲಕ್ಕೆ ತಳ್ಳಿದರೆ ಇವನು ಅಂಗೈಯತ್ತ ಕೆಳಕ್ಕೆ ಎಳೆದ. ಮುಷ್ಟಿ ಮಡಚುವ ಸ್ನಾಯುಗಳ ಬಲವೆಲ್ಲ ಸಿಗುವುದು ಈ ದಿಕ್ಕಿನಲ್ಲೇ. ಸಾಲದ್ದಕ್ಕೆ ಶ್ರುತಿಯನ್ನೂ ಇಳಿಸುತ್ತಿದ್ದ. ಮೂರು ಅರ್ಧಸ್ವರ ಇಳಿಸಿದರೆ ಆ 7 ಕಿಲೊ ಬಿಗಿತ 5ರ ಹತ್ತಿರಕ್ಕೆ ಬರುತ್ತದೆ. ಉಕ್ಕಿನ ಗಡಸುತನ ಮಾತ್ರ ಅಷ್ಟೇ ಇರುವುದರಿಂದ ಅಷ್ಟೇ ಎಳೆತಕ್ಕೆ ಸೇರುವ ಬಿಗಿತವೂ ಅಷ್ಟೇ. ಚಿಕ್ಕ ಸಂಖ್ಯೆಗೆ ಅದೇ ಮೊತ್ತ ಕೂಡಿದರೆ ಪ್ರಮಾಣ ದೊಡ್ಡದಾಗುತ್ತದೆಯಲ್ಲ! ಮೊದಲು ಎರಡು ಅರ್ಧಸ್ವರ ಏರಿಸುತ್ತಿದ್ದ ಎಳೆತ ಈಗ ಸುಮಾರು 2.7 ಅರ್ಧಸ್ವರ ಏರಿಸುತ್ತದೆ.

ಎಳೆದು ಅವನು ನಿಲ್ಲಿಸುವ ಸ್ವರವೂ ಫ್ರೆಟ್‌ಗಳ ಲೆಕ್ಕಕ್ಕೆ ಸಿಗುವುದಿಲ್ಲ. ನಮ್ಮ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಬ್ಲೂಸ್‌ನ ಗಾಂಧಾರ ಇದೆ. ಯೂಟ್ಯೂಬ್‌ನಲ್ಲಿ ವೇಗವನ್ನು 0.5ಕ್ಕೆ ಇಳಿಸಿ ಕೇಳಿ. ಶ್ರುತಿ ಬದಲಾಗದು, ಏರಿಕೆ ಮಾತ್ರ ಬಿಡಿಸಿಟ್ಟಂತೆ ಕಾಣುತ್ತದೆ. ಒಂದೇಟಿಗೆ ಮುಟ್ಟಿದನೋ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿದನೋ, ತಂತಿಯನ್ನು ಮೊದಲೇ ಎಳೆದಿಟ್ಟು ಮೀಟಿ ಆಮೇಲೆ ಇಳಿಸಿದನೋ ಗೊತ್ತಾಗುತ್ತದೆ.

ಫಿಲ್‌ಮೋರ್‌ನಲ್ಲಿ ಮಿಕ್ಕ ಮುದ್ರಣ 1990ರಲ್ಲಿ ಬುಧವಾರ ರಾತ್ರಿ, ಗುರುವಾರ ರಾತ್ರಿ ಎಂದು ಎರಡು ಆಲ್ಬಂಗಳಾಗಿ ಬಂತು. ಹೋಲಿಸಲು ಅದಕ್ಕಿಂತ ಒಳ್ಳೆಯ ಸರಕು ಸಿಗದು. ದಿಕ್ಕಿನ ವ್ಯತ್ಯಾಸ ಕೇಳಬೇಕೆಂದರೆ 1983ರ ಡಿಸೆಂಬರ್‌ನಲ್ಲಿ ಕೆನಡಾದ ಟಿವಿ ಸ್ಟುಡಿಯೊದಲ್ಲಿ ಕಿಂಗ್ ಮತ್ತು ಕಿರಿಯ ಬ್ಲೂಸ್ ಗಿಟಾರ್ ವಾದಕ ಸ್ಟೀವಿ ರೇ ವಾನ್ ಜೊತೆಯಾಗಿ ನುಡಿಸಿದ ‘ಇನ್ ಸೆಷನ್’ ಇದೆ. ವಾನ್ ಕಿಂಗ್‌ನ ಪದಗುಚ್ಛಗಳನ್ನೇ ನುಡಿಸುತ್ತಾನೆ, ಆದರೆ 0.013 ಇಂಚಿನಷ್ಟು ದಪ್ಪ ತಂತಿಯನ್ನು ಮೇಲಕ್ಕೆ ತಳ್ಳಿ. ಅರ್ಧಸ್ವರ ಇಳಿಸಿದ ಮೇಲೂ ಅದರ ಬಿಗಿತ 11 ಕಿಲೊ! ಕಣ್ಣು ಮುಚ್ಚಿದರೂ ಯಾರು ಯಾರೆಂದು ಹೇಳಬಹುದು.

ಲೈವ್‌ನಲ್ಲಿ ದೊಡ್ಡ ಎಳೆತದ ನಂತರ ತಂತಿ ಸ್ವಲ್ಪ ಇಳಿದು ಕೇಳಿಸಿದರೆ ಕೈಯನ್ನು ದೂರಬೇಡಿ. ಗಿಟಾರಿನ ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಕಚ್ಚು ಬಿಗಿಯಾಗಿದ್ದರೆ, ಎಳೆದಾಗ ಒಳಗೆ ಜಾರಿ ಬಂದ ತಂತಿ ಬಿಟ್ಟಾಗ ಪೂರ್ತಿ ಹಿಂತಿರುಗುವುದಿಲ್ಲ. ನುಡಿಸುವವರು ಕಚ್ಚಿಗೆ ಪೆನ್ಸಿಲ್ ಸೀಸ ಉಜ್ಜುವುದು ಇದಕ್ಕೇ.

ಸಂಕಲನ ಕೊಳ್ಳುವಾಗ ಒಂದು ಎಚ್ಚರ. ಅರವತ್ತರ ದಶಕದಲ್ಲಿ ಮೋನೋ (ಎರಡೂ ಕಿವಿಗೆ ಒಂದೇ ಧ್ವನಿಯ) ಮುದ್ರಣಗಳನ್ನು ಸೋಸಿ, ಮಂದ್ರವನ್ನು ಒಂದು ಕಿವಿಗೂ ತಾರವನ್ನು ಇನ್ನೊಂದಕ್ಕೂ ಹಂಚಿ ‘ಸ್ಟೀರಿಯೊ’ ಎಂದು ಮಾರಿದ ಎಲ್‌ಪಿಗಳು ಬಹಳ. ಅವುಗಳಲ್ಲಿ ಗಿಟಾರ್ ಇಬ್ಭಾಗವಾಗಿ, ಏರಿಕೆಯ ತುದಿ ಮಸುಕಾಗಿರುತ್ತದೆ. ಹೊದಿಕೆಯ ಮೇಲೆ ‘ರೀಚಾನೆಲ್ಡ್’ ಎಂದಿದ್ದರೆ ಅಲ್ಲೇ ಬಿಟ್ಟು ಮೋನೋ ಪ್ರತಿ ಹುಡುಕಿ.